ಗಾಲಿಯೂರಿನಲ್ಲೊಂದು ಸರಳರೇಖೆ

ಗಾಲಿಯೂರಿಗೆ ಹೊಸದಾಗಿ ಬಂದವರನ್ನು ಕಂಡುಹಿಡಿಯುವುದು ಬಹಳ ಸುಲಭ. ಅವರ ಕೈಗೆ ಒಂದು ಚರಿಗೆ ನೀರು ಕೊಟ್ಟು, ಒಂದಿಷ್ಟು ಎತ್ತರದಿಂದ ಲೋಟಕ್ಕೆ ಸುರಿಯಿರಿ ಅನ್ನಬೇಕು. ನೀರು ಲೋಟದ ಪಕ್ಕಕ್ಕೆ ಬಿದ್ದು ಕಾಲು ಒದ್ದೆಯಾದರೆ ಅವರು ಭೂಮಿಯಿಂದ ಬಂದವರು. ಲೋಟವನ್ನು ಮೊದಲೇ ಎರಡು ಮೂರು ಬೆರಳಿನಷ್ಟು ಸರಿಸಿ ಹಿಡಿದರೋ, ಊರಿನವರು. ಈ ಪರೀಕ್ಷೆಯಲ್ಲಿ ದೊಡ್ಡ ದೊಡ್ಡ ಸಾಹೇಬರು ಬೂಟು ನೆನೆಸಿಕೊಂಡಿದ್ದಾರೆ. ಆಗೆಲ್ಲ ಊರಿನ ಮಕ್ಕಳಿಗೆ ಹಬ್ಬ.

ಗಾಲಿಯೂರು ಭೂಮಿಯ ಮೇಲಿಲ್ಲ, ಭೂಮಿಯ ಸುತ್ತ ತಿರುಗುತ್ತದೆ. ಡಾಂಬರು ರಸ್ತೆ ಮಾಡುವಾಗ ಓಡಾಡುವ ರೋಲರಿಗೆ ಒಂದು ದೊಡ್ಡ ಉರುಳೆ ಇರುತ್ತದಲ್ಲ, ಅಂಥದ್ದನ್ನೇ ಒಳಗೆ ಪೊಳ್ಳಾಗಿಸಿ, ಇನ್ನೂರು ಮೀಟರ್ ವ್ಯಾಸದ್ದು ಮಾಡಿ ಆಕಾಶದಲ್ಲಿ ಬಿಟ್ಟಂತೆ. ಅದರ ಒಳಮೈಯೇ ನೆಲ. ಅಲ್ಲೇ ಮನೆ, ಅಲ್ಲೇ ಶಾಲೆ, ಅಲ್ಲೇ ಬದನೆ ಮಡಿ. ತಲೆಯೆತ್ತಿ ನೋಡಿದರೆ ಎದುರು ಓಣಿಯವರ ಮಾಳಿಗೆಗಳು ತಲೆಕೆಳಗಾಗಿ ಕಾಣುತ್ತವೆ. ಇಡೀ ಊರು ಇಪ್ಪತ್ತು ಸೆಕೆಂಡಿಗೆ ಒಂದು ಸುತ್ತು ಸುತ್ತುತ್ತದೆ. ಆ ಸುತ್ತಿನಿಂದಲೇ ಜನರ ಕಾಲು ನೆಲಕ್ಕೆ ಊರಿಕೊಂಡಿರುವುದು. ಊರು ಸುತ್ತುವ ದಿಕ್ಕಿಗೆ ಅಲ್ಲಿನವರು ‘ಓಟದ ಕಡೆ’ ಅನ್ನುತ್ತಾರೆ, ಅದರ ವಿರುದ್ಧ ದಿಕ್ಕಿಗೆ ‘ಎದುರು ಕಡೆ’. ಎದೆಯ ಎತ್ತರದಿಂದ ಚೆಂಡು ಕೈಬಿಟ್ಟರೆ ಅದು ಕಾಲಬುಡದಲ್ಲಿ ಬೀಳುವುದಿಲ್ಲ. ಹೆಚ್ಚುಕಡಿಮೆ ಒಂದು ಗೇಣು ಎದುರು ಕಡೆಗೆ ಬೀಳುತ್ತದೆ. ಮೇಲಕ್ಕೆ ಎಸೆದರೆ ಓಟದ ಕಡೆಗೆ ಬಾಗಿ ಬರುತ್ತದೆ. ಊರನ್ನು ಬೆಸೆದು ಕಟ್ಟಲು ಹುಬ್ಬಳ್ಳಿ, ಗದಗ ಕಡೆಯಿಂದ ಬಂದ ವೆಲ್ಡರು, ಫಿಟ್ಟರುಗಳು ಇದನ್ನು ಪೆಟ್ಟು ತಿಂದು ಕಲಿತರು. ಅಲ್ಲೇ ಹುಟ್ಟಿದ ಮಕ್ಕಳಿಗೆ ಕಲಿಯುವ ಮಾತೇ ಇರಲಿಲ್ಲ, ಅಂಬೆಗಾಲಿಡುವಾಗಲೇ ಅದು ಕೈಗೆ ಬಂದಿರುತ್ತಿತ್ತು.

ಆ ಮಕ್ಕಳಲ್ಲಿ ಒಬ್ಬಳು ನೀಲಗಂಗಾ. ಹದಿನೇಳು ವರ್ಷ, ಲಗೋರಿಯಲ್ಲಿ ಊರಿಗೇ ಹೆಸರಾದವಳು. ಮನೆಯ ಮೂಲೆಯ ಆಚೆ ಕಟ್ಟಿದ ಲಗೋರಿಯನ್ನು ಈಚೆ ನಿಂತು, ಚೆಂಡನ್ನು ಗಾಳಿಯಲ್ಲಿ ಬಾಗಿಸಿ ಕೆಡವುತ್ತಿದ್ದಳು. ಅವಳ ಆಸೆ ಒಂದೇ, ಬಂದರಿನ ಕೆಲಸ.

ಬಂದರು ಅಂದರೆ ಊರಿನ ಒಂದು ತುದಿಯಲ್ಲಿ, ನಟ್ಟನಡುವೆ, ಹಡಗುಗಳು ಬಂದು ನಿಲ್ಲುವ ಜಾಗ. ಊರು ಸುತ್ತಿದರೂ ಬಂದರು ಸುತ್ತುವುದಿಲ್ಲ. ಅಲ್ಲಿ ತೂಕವಿಲ್ಲ. ಭೂಮಿಯಲ್ಲಿ ಲಾರಿಯಿಂದ ಹೆಂಚು ಇಳಿಸುವಾಗ ಕೈಯಿಂದ ಕೈಗೆ ಎಸೆಯುತ್ತಾರಲ್ಲ, ಹಾಗೆ ಅಲ್ಲಿ ಎಲ್ಲ ಸಾಮಾನನ್ನೂ ಎಸೆದೇ ಸಾಗಿಸುವುದು. ಆರು ವರ್ಷದವಳಿದ್ದಾಗ ಅಪ್ಪ ಚನ್ನವೀರಪ್ಪ ಅವಳನ್ನು ಹೊಸ್ತಿಲ ತನಕ ಕರೆದೊಯ್ದು, ತನ್ನ ಟೋಪಿಯನ್ನು ಗಾಳಿಯಲ್ಲಿ ಬಿಟ್ಟು ತೋರಿಸಿದ್ದ. ಟೋಪಿ ಬೀಳಲಿಲ್ಲ, ಬಾಗಲಿಲ್ಲ, ಸುಮ್ಮನೆ ಇತ್ತು. ಬಿಟ್ಟ ವಸ್ತು ಬಿಟ್ಟಲ್ಲೇ ಇರುವ ಜಾಗ! ಅವತ್ತಿನಿಂದ ಹುಡುಗಿಗೆ ಅದೇ ಧ್ಯಾನ.

ಆದರೆ ಗಾಲಿಯೂರಿನಲ್ಲಿ ಹುಟ್ಟಿದ ಒಬ್ಬರೂ ಅಲ್ಲಿ ಕೆಲಸಕ್ಕೆ ಸೇರಿರಲಿಲ್ಲ. ಹೋದವರೆಲ್ಲ ಪರೀಕ್ಷೆಯಲ್ಲಿ ಬಿದ್ದು ಬಂದಿದ್ದರು.

* * *

ಪರೀಕ್ಷೆ ನೋಡಲು ಏನೂ ಇಲ್ಲ. ಎದುರು ಗೋಡೆಯ ಮೇಲೆ ಒಂದು ದೊಡ್ಡ ಬಳೆ ಕೂರಿಸಿದ್ದಾರೆ. ಈ ಗೋಡೆಗೆ ಕಾಲು ಸಿಕ್ಕಿಸಿಕೊಂಡು ಮೂರು ಚೀಲಗಳನ್ನು ಅದರೊಳಕ್ಕೆ ತೂರಿಸಬೇಕು. ಪರೀಕ್ಷಕರು ಬಂದರಿನ ಮುಖ್ಯಸ್ಥ ಬೆಟಗೇರಿಯವರು. ಭೂಮಿಯಿಂದ ಬಂದು ಬಹಳ ಕಾಲವಾದ, ಒರಟು ಮಾತಿನ, ಮೆತ್ತನೆ ಮನಸ್ಸಿನ ಮನುಷ್ಯ.

ನೀಲಗಂಗಾಳ ಮೊದಲನೆಯ ಚೀಲ ಬಳೆಯ ಎಡಕ್ಕೆ ಹೋಯಿತು. ಎರಡನೆಯದನ್ನು ಸರಿಮಾಡಲು ಹೋಗಿ ಮೇಲಕ್ಕೆ ಎಸೆದಳು. ಮೂರನೆಯದು ಯಾವ ದಿಕ್ಕೂ ಅಲ್ಲದ ದಿಕ್ಕಿಗೆ ಹೊರಟು, ಮೂಲೆಯಲ್ಲಿ ಕಟ್ಟಿಟ್ಟಿದ್ದ ಬೆಟಗೇರಿಯವರ ಬುತ್ತಿಗೇ ಹೋಗಿ ಬಡಿಯಿತು. ಡಬ್ಬಿಯ ಮುಚ್ಚಳ ಕಳಚಿ ಶೇಂಗಾ ಚಟ್ನಿಪುಡಿ ಕೆಂಪು ಮೋಡದ ಹಾಗೆ ಬಂದರಿನ ತುಂಬ ಹರಡಿತು. ತೂಕವಿಲ್ಲದಲ್ಲಿ ಪುಡಿ ಕೆಳಗೆ ಕೂರುವುದಿಲ್ಲ ನೋಡಿ. ಎಲ್ಲರೂ ಸೀನಿದ್ದೇ ಸೀನಿದ್ದು. ಒಂದೊಂದು ಸೀನಿಗೂ ಒಬ್ಬೊಬ್ಬರು ಹಿಂದಕ್ಕೆ ತೇಲಿ ಗೋಡೆಗೆ ಬೆನ್ನು ಕೊಡುತ್ತಿದ್ದರು.

ಕಣ್ಣೊರೆಸಿಕೊಂಡು ಬೆಟಗೇರಿಯವರು ಹೇಳಿದರು, "ತಂಗಿ, ಇದು ನಿನ್ನ ತಪ್ಪಲ್ಲ. ಗಾಲಿಗೈ ಅಂತೀವಿ ನಾವು. ಅಲ್ಲಿ ಹುಟ್ಟಿದವರ ಕೈ ಹಿಂಗ, ಓರೆ. ಸುತ್ತೂ ಬಾಯಿ ಕಣ್ಣಿಗೆ ಬಿತ್ತಂದ್ರ ಕೈ ತಾನ ತಿರುಗತೈತಿ."

ಅವರು ತೋರಿಸಿದ್ದು ಬಂದರಿನ ಬಲಗಡೆಯ ಗೋಡೆಯನ್ನು. ಅಲ್ಲಿ ಊರಿನ ಬಾಯಿ ದೊಡ್ಡ ಉಂಗುರದ ಹಾಗೆ ಸುತ್ತುತ್ತಲೇ ಇರುತ್ತದೆ. ಅದರ ಅಂಚಿಗೆ ಬಲೆಬುಟ್ಟಿಗಳನ್ನು ಕಟ್ಟಿದ್ದಾರೆ. ಬುಟ್ಟಿಗೆ ಬಿದ್ದ ಸಾಮಾನು ಲಿಫ್ಟಿನಲ್ಲಿ ಇಳಿದು ಊರಿಗೆ ಹೋಗುತ್ತದೆ.

"ನಾಕು ದಿನ ಅಭ್ಯಾಸಕ್ಕ ಬಿಡ್ರಿ ಸರ್, ಕಲೀತೀನಿ."

"ಪಾಸಾಗದ ಅಭ್ಯಾಸ ಇಲ್ಲವಾ. ಹಿಂದಕ ಒಬ್ಬಾವ ನಟ್ಟು ಬಿಗಿಯೂ ಪಾನ ಒಗದು ದೀಪ ಒಡದ ಮ್ಯಾಲೆ ರೂಲು ಮಾಡ್ಯಾರ. ಇನ್ನೊಂದು ಸಲ ಬರಬಹುದು ನೀ. ಅದೂ ತಪ್ಪಿತಂದ್ರ ಮುಗೀತು, ಮುಂದ ಕರಿಯೂದಿಲ್ಲ."

ಅಭ್ಯಾಸವಿಲ್ಲದೆ ಪಾಸಾಗುವುದಿಲ್ಲ, ಪಾಸಾಗದೆ ಅಭ್ಯಾಸವಿಲ್ಲ. ಹುಡುಗಿ ಲಿಫ್ಟಿನಲ್ಲಿ ಇಳಿಯುವಾಗ ಹಂತಹಂತಕ್ಕೂ ಮೈ ಭಾರವಾಗುತ್ತ ಬಂತು. ಮನಸ್ಸಂತೂ ಲಿಫ್ಟಿಗಿಂತ ಮೊದಲೇ ನೆಲ ಮುಟ್ಟಿತ್ತು.

* * *

ಮರುದಿನ ಭೌತಶಾಸ್ತ್ರದ ತರಗತಿ. ಪಾಠ ಮಾಡುವವರು ಮಂದಾಕಿನಿ ಟೀಚರ್. ಅವರು ಹೊಸದುರ್ಗದ ಕಡೆಯವರು, ಗಾಲಿಯೂರಿಗೆ ಬಂದು ಎರಡನೆಯ ವರ್ಷ. ಮಕ್ಕಳು ಹುಬ್ಬಳ್ಳಿ ಕಡೆಯ ವಾಡಿಕೆಯಂತೆ ‘ಅಕ್ಕೋರು’ ಎಂದು ಕರೆಯುತ್ತಿದ್ದರು. ಚಲನೆಯ ಮೊದಲನೆಯ ನಿಯಮ ಏನು ಎಂದು ಕೇಳಿದ್ದೇ ತಡ, ಇಡೀ ತರಗತಿ ರಾಗವಾಗಿ ಹೇಳಿತು:

"ಹೊರಗಿನ ಬಲ ವರ್ತಿಸದ ಹೊರತು, ಚಲಿಸುತ್ತಿರುವ ವಸ್ತುವು ಸರಳರೇಖೆಯಲ್ಲಿ ಒಂದೇ ವೇಗದಲ್ಲಿ ಚಲಿಸುತ್ತಲೇ ಇರುತ್ತದೆ!"

"ಭೇಷ್. ಇದನ್ನ ನಂಬೋರು ಕೈ ಎತ್ತಿ ನೋಡೋಣ."

ಅವರು ತಮಾಷೆಗೆ ಕೇಳಿದ್ದು. ಒಂದು ಕೈಯೂ ಏಳಲಿಲ್ಲ.

ಜೈಲಾನಿ ಎಂಬ ಹುಡುಗನಿದ್ದ, ತರಗತಿಯ ಬಾಯಿ ಅಂದರೆ ಅವನೇ. ಎದ್ದು ನಿಂತು ಸಮಾಧಾನ ಹೇಳುವ ದನಿಯಲ್ಲಿ ಅಂದ, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕೋರ. ಪರೀಕ್ಷಾದಾಗ ಬರಿಯೂದು ಬರೀತೀವಿ. ಅದು ಭೂಮಿ ಕಡೆ ಕಾಯ್ದೆ. ಮಳಿ ಇದ್ದಂಗ. ಅಲ್ಲಿ ಮಳಿ ಬರತೈತಿ, ಇಲ್ಲಿ ಬರೂದಿಲ್ಲ. ಅಲ್ಲಿ ಚೆಂಡು ನೆಟ್ಟಗ ಹೋಗತೈತಿ, ಇಲ್ಲಿ ಕಳ್ಳಗೈ ಬಂದು ತಳ್ಳತೈತಿ."

ಕಳ್ಳಗೈ ಎಂದರೆ ಮಕ್ಕಳು ಇಟ್ಟ ಹೆಸರು. ಪುಸ್ತಕದಲ್ಲಿ ಅದಕ್ಕೆ ಕಲ್ಪಿತ ಬಲ ಅಂತಿದೆ. ಸುತ್ತುವ ಜಾಗದಲ್ಲಿ ನಿಂತು ಲೆಕ್ಕ ಹಾಕುವವರು, ಚೆಂಡನ್ನು ಯಾರೋ ಪಕ್ಕಕ್ಕೆ ತಳ್ಳಿದರು ಎಂದು ಭಾವಿಸಿಕೊಂಡರೆ ಉತ್ತರ ಸರಿಯಾಗಿ ಬರುತ್ತದೆ. ಅದನ್ನು ಮಂದಾಕಿನಿಯವರೇ ಕಲಿಸಿದ್ದರು. ಮಕ್ಕಳಿಗೆ ಬಹಳ ಇಷ್ಟವಾಗಿತ್ತು. ಯಾಕೆಂದರೆ ಹುಟ್ಟಿದಾಗಿನಿಂದ ಕಂಡದ್ದಕ್ಕೆ ಒಂದು ಹೆಸರು ಸಿಕ್ಕಿತಲ್ಲ! ಲೆಕ್ಕದಲ್ಲಿ ಎಲ್ಲರಿಗೂ ಪೂರ್ತಿ ಅಂಕ.

ಹಿಂದಿನ ಬೆಂಚಿನಿಂದ ನೀಲಗಂಗಾ ಮೆಲ್ಲಗೆ ಹೇಳಿದಳು, "ಬಂದರಿನಾಗ ಕಳ್ಳಗೈ ಇಲ್ಲ ಅಂತ ನನಗ ಗೊತ್ತಿತ್ರಿ ಅಕ್ಕೋರ. ಪುಸ್ತಕದಾಗ ಓದೀನಿ. ಆದ್ರೂ ನನ್ನ ಕೈ ಅದರ ದಾರಿ ಕಾಯ್ತಿತ್ರಿ."

ತರಗತಿ ನಗಲಿಲ್ಲ. ನಿನ್ನೆಯ ಸುದ್ದಿ, ಚಟ್ನಿಪುಡಿಯ ಸಮೇತ, ಎಲ್ಲರಿಗೂ ಮುಟ್ಟಿತ್ತು.

"ಅಕ್ಕೋರ, ಒಂದು ಮಾತು ಕೇಳಲೇನ್ರಿ? ನೀವು ಭೂಮ್ಯಾಗ ಇದ್ದಾಗ, ಒಂದು ವಸ್ತು ನೆಟ್ಟಗ, ಒಂದ ವೇಗದಾಗ, ಹೋಗ್ತನ ಇರೂದನ್ನ ಕಣ್ಣಾರೆ ನೋಡೀರೇನು?"

ಮಂದಾಕಿನಿಯವರು ತಮ್ಮೂರಿನಲ್ಲಿ ಕಂಡದ್ದನ್ನೆಲ್ಲ ನೆನೆದರು. ಗೋಲಿ ಉರುಳಿ ಉರುಳಿ ನಿಲ್ಲುತ್ತಿತ್ತು. ಎಸೆದ ಕಲ್ಲು ಬಾಗಿ ಕೆರೆಗೆ ಬೀಳುತ್ತಿತ್ತು. ತುಳಿಯುವುದು ಬಿಟ್ಟರೆ ಸೈಕಲ್ಲು ನಿಲ್ಲುತ್ತಿತ್ತು. ನೆಟ್ಟಗೆ ಹೋಗುತ್ತಲೇ ಇದ್ದದ್ದು? ಯಾವುದೂ ಇಲ್ಲ.

"ಇಲ್ಲ ಕಣೇ. ನೋಡಿಲ್ಲ."

"ಮತ್ತ ನಮಗ್ಯಾಕ ಹೇಳ್ತೀರ್ರಿ?" ಎಂದ ಜೈಲಾನಿ. ಈಗ ಎಲ್ಲರೂ ನಕ್ಕರು, ಟೀಚರೂ ನಕ್ಕರು.

"ಪುಸ್ತಕದಲ್ಲಿತ್ತು, ಹೇಳಿದೆ. ನಮ್ಮೂರಲ್ಲಿ ಅದನ್ನ ಮರೆಮಾಡೋಕೆ ನೆಲದ ಒರಟು, ಗಾಳಿ, ಭೂಮಿಯ ಸೆಳೆತ ಎಲ್ಲಾ ಸೇರ್ಕೊಂಡಿದ್ವು. ನಿಮ್ಮೂರಲ್ಲಿ ಸುತ್ತು ಮರೆಮಾಡಿದೆ. ಸರಿ ಬಿಡ್ರಪ್ಪ, ಇನ್ಮೇಲೆ ಈ ನಿಯಮನ ಬಾಯಿಪಾಠ ಒಪ್ಪಿಸೋದು ಬೇಡ. ಮೊದಲು ನೋಡೋಣ. ಎಲ್ಲಿ, ಹೇಗೆ ಅಂತ ನನಗೂ ಗೊತ್ತಿಲ್ಲ. ಹುಡುಕ್ರಿ."

* * *

ಆ ಸಂಜೆ ಚನ್ನವೀರಪ್ಪ ಬಂದರಿನ ಪಾಳಿ ಮುಗಿಸಿ ಮನೆಗೆ ಬಂದ. ಬಂದವನೇ ಕಿಟಲಿ ಎತ್ತಿ ಬಟ್ಟಲಿಗೆ ಚಹಾ ಸುರಿದ. ಚಹಾ ಬಟ್ಟಲಿನ ಹೊರಗೆ, ಚಾಪೆಯ ಮೇಲೆ.

"ಬಂದ ಕೂಡಲೆ ಕಿಟಲಿ ಮುಟ್ಟಬ್ಯಾಡ್ರಿ ಅಂತ ಎಷ್ಟು ಸಲ ಹೇಳಲಿ?" ಹೆಂಡತಿ ಕಸ್ತೂರೆವ್ವ ಅರಿವೆ ತಂದು ಒರೆಸಿದಳು. "ಒಂದು ತಾಸು ತಡೀರಿ. ಕೈ ಊರಿಗೆ ಬರಲಿ."

"ಕೈ ಬಂದೈತಿ, ಚಹಾನ ಇನ್ನೂ ಬಂದರಿನಾಗ ಐತಿ," ಎಂದು ಅವನು ನಕ್ಕ.

ನೀಲಗಂಗಾ ನಗಲಿಲ್ಲ. "ಅಪ್ಪಾ, ಬಂದರಿನಾಗ ನೀ ಹೆಂಗ ನೆಟ್ಟಗ ಒಗೀತಿ?"

"ಹೆಂಗಂದ್ರ? ಒಗೀತೀನಿ, ಹೋಗತೈತಿ."

"ಹಂಗಲ್ಲಪಾ. ಒಗಿಯೂ ಮುಂದ ಏನ ವಿಚಾರ ಮಾಡ್ತಿ?"

"ವಿಚಾರ ಮಾಡೂದು ನಿಮ್ಮವ್ವನ ಕೆಲಸ," ಎಂದ ಅವನು. ಮಗಳ ಮುಖ ನೋಡಿ ಅವನ ದನಿ ತಗ್ಗಿತು. "ನನಗ ಹೇಳಾಕ ಬರೂದಿಲ್ಲವಾ. ಮೊದಮೊದಲಿಗೆ ನನ್ನ ಚೀಲಾನೂ ತಪ್ಪತಿದ್ದವು. ಹದಿನೈದು ದಿನಕ್ಕ ಕೈ ತಾನ ಹೊಂದ್ಕೋತು. ನಿಮಗ ಆ ಹದಿನೈದು ದಿನಾನ ಕೊಡವೊಲ್ಲರು."

ಅವಳಿಗೆ ಬೇಸರವಾಗದಿರಲಿ ಎಂದು ಬೇರೆ ಮಾತು ತೆಗೆದ. "ಊಟದ ಹೊತ್ತಿನಾಗ ನಾ ಬಂದರಿನ ದುಂಡು ಕಿಟಕ್ಯಾಗ ಕುಂದರ್ತೀನಿ. ಅಲ್ಲಿಂದ ಇಡೀ ಊರು ಕಾಣತೈತಿ, ಬಾವ್ಯಾಗ ಇಣಿಕಿ ನೋಡಿದಂಗ. ಗಿರಗಿರ ಸುತ್ತತಿರತೈತಿ. ನಿಮ್ಮವ್ವ ಮಾಳಿಗಿ ಮ್ಯಾಲ ಅರಿವಿ ಒಣಹಾಕೂದು ಕಾಣತೈತಿ. ಒಂದು ಸುತ್ತಿಗೆ ಒಂದು ಸೀರಿ ಹಾಕ್ತಾಳ."

"ಕದ್ದು ನೋಡ್ತೀರಿ?" ಎಂದಳು ಕಸ್ತೂರೆವ್ವ. ಸಿಟ್ಟೇನೂ ಇರಲಿಲ್ಲ.

ನೀಲಗಂಗಾ ಎದ್ದು ಕೂತಳು. "ಅಂದ್ರ ಊರು ಸುತ್ತತೈತಿ. ನೀ ಸುತ್ತೂದಿಲ್ಲ?"

"ನಾ ಯಾಕ ಸುತ್ತಲಿ? ಬಂದರು ನಿಂತಿರತೈತಲ್ಲ."

"ಅಪ್ಪಾ, ಆ ಕಿಟಕ್ಯಾಗ ಒಂದು ಕ್ಯಾಮೆರಾ ಇಡಾಕ ಬರತೈತೇನು?"

* * *

ಕ್ಯಾಮೆರಾ ಇಡುವುದಕ್ಕೆ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಕತ್ತಲೆಗೆ. ನೂರು ಮೀಟರ್ ಆಚೆಯಿಂದ ಒಂದು ಚೆಂಡು ಕಾಣಬೇಕಾದರೆ ಚೆಂಡಿಗೆ ದೀಪ ಕಟ್ಟಬೇಕು, ಆ ದೀಪ ಎದ್ದು ಕಾಣಬೇಕಾದರೆ ಊರಿಗೆಲ್ಲ ಹಗಲು ಮಾಡುವ ಊರದೀಪ ಆರಬೇಕು. ರಾತ್ರಿ ಬಂದರಿನ ಕಿಟಕಿ ಮುಚ್ಚಿರುವುದರಿಂದ ಹಗಲಲ್ಲೇ ಆರಬೇಕು. ಊರದೀಪ ನಿಯಂತ್ರಣ ಕೋಣೆಯವರ ಕೈಯಲ್ಲಿ.

ಕೋಣೆಯ ತುಂಬ ಪರದೆಗಳು, ಮಿಣುಕುವ ಸಂಖ್ಯೆಗಳು. ನಡುವೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತ ಫಿಲೋಮಿನಾ, ಮಂಗಳೂರಿನವರು. ಮಂದಾಕಿನಿ ಟೀಚರ್ ಮತ್ತು ನೀಲಗಂಗಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕುರ್ಚಿಯನ್ನು ಪೂರಾ ಈಕಡೆ ತಿರುಗಿಸಿದರು.

"ಎಂತದು ಮಾರಾಯ್ರೆ ನೀವು ಹೇಳುವುದು? ಒಂದು ಚೆಂಡು ಬೀಳಿಸ್ಲಿಕ್ಕೆ ಇಡೀ ಊರಿನ ಲೈಟ್ ತೆಗೀಬೇಕಾ? ಸೊಪ್ಪಿನ ಮಡಿಯವರು ನನ್ನನ್ನು ಬಿಡ್ತಾರಾ? ಕೋಳಿಗಳು ರಾತ್ರಿ ಆಯ್ತು ಅಂತ ಗೂಡು ಸೇರಿದ್ರೆ ಯಾರು ಎಬ್ಬಿಸುವುದು?"

"ಹತ್ತು ನಿಮಿಷ ಸಾಕು ಮೇಡಂ. ಇದು ಆಗ್ಲಿಲ್ಲ ಅಂದ್ರೆ ನಮ್ಮ ಮಕ್ಕಳು ಯಾವತ್ತೂ ಬಂದರಿನ ಬಾಗಿಲು ದಾಟಲ್ಲ," ಎಂದರು ಮಂದಾಕಿನಿ.

ನೀಲಗಂಗಾ ನಡುವೆ ಬಾಯಿ ಹಾಕಿದಳು. "ನನಗ ಇನ್ನೊಂದ ಅವಕಾಶ ಐತ್ರಿ. ಅದಕ್ಕೂ ಮೊದಲ ಚೆಂಡು ನೆಟ್ಟಗ ಹೋಗೂದನ್ನ ಒಮ್ಮೆ ನೋಡಬೇಕ್ರಿ. ಒಮ್ಮೆ ಸಾಕ್ರಿ."

ಫಿಲೋಮಿನಾ ಹುಡುಗಿಯನ್ನು ನೋಡಿದರು. ಅವರ ಮಗನೂ ಅದೇ ಶಾಲೆಯಲ್ಲಿದ್ದ. ಮೊದಲ ನಿಯಮವನ್ನು ಅವನೂ ರಾಗವಾಗಿಯೇ ಹೇಳುತ್ತಿದ್ದ.

"ಹತ್ತು ನಿಮಿಷ. ಹನ್ನೊಂದಾದ್ರೆ ನಾನು ಲೈಟ್ ಹಾಕಿಯೇ ಹಾಕ್ತೇನೆ. ಮತ್ತೆ ಅದೆಂತ ನೋಡ್ಲಿಕ್ಕೆ ಉಂಟೋ, ಅದನ್ನು ನನ್ನ ಪರದೆಗೂ ಹಾಕಬೇಕು. ಎಲ್ಲರೂ ನೋಡಿ ನಾನೊಬ್ಬಳೇ ಇಲ್ಲಿ ಕೂರುವುದಾ?"

ಊರಲ್ಲಿ ಡಂಗುರ ಸಾರಿದ ಹಾಗಾಯಿತು. ನಾಲ್ಕು ಗಂಟೆಗೆ ಕತ್ತಲಾಗುತ್ತದಂತೆ! ಗ್ರಹಣ ಎಂದರೇನೆಂದು ಕಂಡರಿಯದ ಮಕ್ಕಳಿಗೆ ಅಜ್ಜಿಯಂದಿರು ಗ್ರಹಣದ ಕಥೆ ಹೇಳಿದರು. ರೊಟ್ಟಿ ಬಡಿಯುತ್ತಿದ್ದವರು ಒಲೆ ಆರಿಸಿ ಬಂದರು. ಶಾಲೆಯ ಬಯಲು ತುಂಬಿತು. ಬಿಳಿ ಗೋಡೆಯ ಮೇಲೆ ಬಂದರಿನ ಕ್ಯಾಮೆರಾ ಕಂಡದ್ದು ಮೂಡುವ ಹಾಗೆ ಏರ್ಪಾಡಾಗಿತ್ತು. ದೀಪ ಹೋದ ದಾರಿಯೆಲ್ಲ ಗೆರೆಯಾಗಿ ಉಳಿಯುವಂತೆ ಜೈಲಾನಿ ಅದನ್ನು ಹೊಂದಿಸಿದ್ದ.

ನೀಲಗಂಗಾ ಹನ್ನೆರಡು ಮೀಟರ್ ಎತ್ತರದ ನೀರಿನ ಟಾಕಿಯ ನೆತ್ತಿಯಲ್ಲಿದ್ದಳು. ಟಾಕಿಯ ಅಂಚಿಗೆ ಒಂದು ಹಸಿರು ದೀಪ. ಅವಳ ಕೈಯಲ್ಲಿ ಕಬ್ಬಿಣದ ಗುಂಡು. ಗಾಳಿಗೆ ಅಲುಗದಿರಲಿ ಎಂದು ಭಾರದ್ದನ್ನೇ ಆರಿಸಿ, ಕೆಂಪು ದೀಪ ಅಂಟಿಸಿದ್ದರು. ಕೆಳಗೆ ಮರಳು ಹಾಸಿ, ಸುತ್ತ ಹಗ್ಗ ಕಟ್ಟಿ, ಕಸ್ತೂರೆವ್ವ ಒಂದು ಕೋಲು ಹಿಡಿದು ಸಣ್ಣ ಮಕ್ಕಳನ್ನು ಆಚೆಗಟ್ಟುತ್ತಿದ್ದಳು.

ಊರದೀಪ ಆರಿತು. ‘ಹೋ’ ಎಂದು ಇಡೀ ಊರು ಕೂಗಿತು.

ಗೋಡೆಯ ಮೇಲೆ ಹಸಿರು ಚುಕ್ಕಿ ಕಾಣಿಸಿತು. ಅದು ದುಂಡಗೆ ಸುತ್ತುತ್ತ ಸುತ್ತುತ್ತ ಬಳೆಯಂಥ ಗೆರೆ ಎಳೆಯತೊಡಗಿತು. ಅದರ ಪಕ್ಕಕ್ಕೇ ಕೆಂಪು ಚುಕ್ಕಿ. ಎರಡೂ ಜೊತೆಯಾಗಿ, ಒಂದೇ ದಾರಿಯಲ್ಲಿ.

"ಬಿಡು!" ಎಂದು ಮಂದಾಕಿನಿ ಟೀಚರ್ ಕೂಗಿದರು.

ನೀಲಗಂಗಾ ಕೈಬಿಟ್ಟಳು. ಅವಳು ಕಂಡದ್ದು ದಿನವೂ ಕಾಣುವಂಥದ್ದೇ. ಗುಂಡು ಕೆಳಗಿಳಿಯುತ್ತ ಇಳಿಯುತ್ತ ಎದುರು ಕಡೆಗೆ ಬಾಗಿತು, ಟಾಕಿಯ ಬುಡದಿಂದ ಎರಡು ಮಾರಿಗಿಂತ ಆಚೆ ಮರಳಿನಲ್ಲಿ ಧೊಪ್ಪನೆ ಬಿತ್ತು. ಗೋಡೆಯ ಮುಂದೆ ಕೂತವರು ಕಂಡದ್ದೇ ಬೇರೆ. ಹಸಿರು ಚುಕ್ಕಿ ತನ್ನ ದುಂಡು ದಾರಿಯಲ್ಲೇ ತಿರುಗಿಕೊಂಡು ಹೋಯಿತು. ಕೆಂಪು ಚುಕ್ಕಿ ತಿರುಗಲಿಲ್ಲ. ಕೈಬಿಟ್ಟ ಗಳಿಗೆಯಲ್ಲಿ ಯಾವ ಕಡೆಗೆ ಮುಖ ಮಾಡಿತ್ತೋ ಆ ಕಡೆಗೇ ಹೊರಟು, ದಾರ ಎಳೆದು ಹಿಡಿದ ಹಾಗೆ ಒಂದು ಗೆರೆ ಎಳೆದು ನಿಂತಿತು.

ಮಂದಾಕಿನಿಯವರು ಬೆತ್ತದಷ್ಟುದ್ದದ ಮರದ ಅಳತೆಪಟ್ಟಿ ತಂದು ಗೋಡೆಯ ಗೆರೆಗೆ ಒರಗಿಸಿದರು. ಎಲ್ಲೂ ಬೆಳಕು ನುಸುಳಲಿಲ್ಲ.

"ಏ, ಬಾಗೇ ಇಲ್ಲಲೋ!" ಕತ್ತಲಲ್ಲಿ ಜೈಲಾನಿಯ ದನಿ ಸೀಳಿಕೊಂಡು ಬಂತು. "ಕಳ್ಳಗೈ ಎಲ್ಲಿ? ಯಾರು ತಳ್ಳಿದ್ರು?"

ಮಂದಾಕಿನಿಯವರು ಗೆರೆಯ ಉದ್ದ ಅಳೆದು ಊರಿನ ಅಳತೆಗೆ ಲೆಕ್ಕ ಹಾಕಿದರು. "ಟಾಕಿ ಎತ್ತರ ಹನ್ನೆರಡು ಮೀಟರ್. ಇದು ಹೋಗಿರೋ ದೂರ ನಲವತ್ತೇಳು ಮೀಟರ್ ಕಣ್ರೋ!" ಹದಿನೆಂಟು ವರ್ಷ ಪಾಠ ಮಾಡಿದ ನಿಯಮವನ್ನು ಅವರೂ ಅವತ್ತೇ ಮೊದಲು ಕಂಡದ್ದು.

ಏಣಿ ಇಳಿದು ಓಡಿಬಂದ ನೀಲಗಂಗಾ ಗೋಡೆಯ ಮುಂದೆ ನಿಂತಳು. ಕೆಂಪು ಬೆಳಕು ಅವಳ ಮುಖದ ಮೇಲಿತ್ತು.

"ಅಲ್ಲವಾ, ಅಡ್ಡಕ್ಕ ಅಷ್ಟು ದೂರ ಹೋತು ಅಂದ್ರ, ಮರಳಿನಾಗ ಬಿದ್ದದ್ದು ಯಾವುದು?" ಕಸ್ತೂರೆವ್ವ ಕೋಲು ಊರಿಕೊಂಡು ಕೇಳಿದಳು.

"ಬಿದ್ದ ಇಲ್ಲವ್ವಾ," ಎಂದಳು ನೀಲಗಂಗಾ. ಹೇಳುತ್ತ ಹೇಳುತ್ತಲೇ ಅವಳಿಗೆ ತಿಳಿಯುತ್ತಿತ್ತು. "ನನ್ನ ಕೈಯಾಗ ಇದ್ದಾಗ ಅದು ನಮ್ಮ ಜೋಡಿ ಓಡಾಕತ್ತಿತ್ತು. ಬಿಟ್ಟೆ. ಅದು ನೆಟ್ಟಗ ಹೋತು. ಸುತ್ತಿಕೋತ ಬಂದ ನೆಲಾ ಅದರ ದಾರಿಗೆ ಅಡ್ಡ ಬಂದು ಬಡೀತು. ಚೆಂಡು ಏನೂ ಮಾಡಿಲ್ಲ. ಮಾಡಿದ್ದೆಲ್ಲಾ ನಾವ."

ಫಟ್ಟನೆ ಊರದೀಪ ಹತ್ತಿತು. ಧ್ವನಿವರ್ಧಕದಲ್ಲಿ ಫಿಲೋಮಿನಾ, "ಟೀಚರೇ, ಟೈಮ್ ಆಯ್ತು! ಆದ್ರೆ ಇದನ್ನು ಇನ್ನೊಂದ್ಸಲ ಮಾಡುವುದಿದ್ರೆ ಹೇಳಿ ಆಯ್ತಾ. ನನಗೆ ಕಡೆಯದ್ದು ಸರಿ ಕಾಣಲಿಲ್ಲ."

* * *

ತಲೆಗೆ ತಿಳಿದದ್ದು ಕೈಗೆ ತಿಳಿಯಬೇಕಲ್ಲ. ಅದಕ್ಕೆ ಎರಡು ತಿಂಗಳು ಹಿಡಿಯಿತು. ಬಂದರಿನ ಕಿಟಕಿಯ ಕ್ಯಾಮೆರಾಕ್ಕೆ ಮಕ್ಕಳು ‘ನಿಂತ ಕಣ್ಣು’ ಎಂದು ಹೆಸರಿಟ್ಟರು. ಮಧ್ಯಾಹ್ನದ ಮೇಲೆ, ಫಿಲೋಮಿನಾ ದಿನವೂ ಹತ್ತು ನಿಮಿಷ ಊರದೀಪ ಆರಿಸಿದಾಗ, ದೀಪ ಕಟ್ಟಿದ ಚೆಂಡಿನಿಂದ ಲಗೋರಿ. ನಿಂತ ಕಣ್ಣಿಗೆ ಕಂಡದ್ದು ತರಗತಿಯ ಗೋಡೆಯ ಮೇಲೆ. ಎಸೆದವರು ಕೂಡಲೇ ಕಣ್ಣುಮುಚ್ಚಿ, ನಿಂತ ಕಣ್ಣಿಗೆ ಚೆಂಡು ಈಗ ಎಲ್ಲಿ ಕಾಣುತ್ತಿದೆ ಎಂದು ಬೆರಳು ತೋರಿಸಬೇಕು. ಮೊದಮೊದಲು ಹತ್ತು ಬೆರಳು ಹತ್ತು ದಿಕ್ಕಿಗಿದ್ದವು. ಜೈಲಾನಿ ಒಂದು ಸಲ ತನ್ನ ಮೂಗನ್ನೇ ತೋರಿಸಿದ. ಒಂದಿಬ್ಬರಿಗೆ ತಲೆಸುತ್ತು ಬಂದು ವಾಂತಿಯಾಯಿತು, ಅವರ ಮನೆಯವರು ಬಂದು ಟೀಚರ್ ಜೊತೆ ಜಗಳವಾಡಿ ಹೋದರು.

ಮಂದಾಕಿನಿಯವರ ಪಾಠವೂ ಬದಲಾಯಿತು. ‘ಚೆಂಡು ಯಾವ ಕಡೆಗೆ ಬಾಗುತ್ತದೆ’ ಎಂದು ಅವರು ಕೇಳುವುದನ್ನು ಬಿಟ್ಟರು. "ಮೊದಲು ಹೇಳ್ರಿ, ನೋಡ್ತಿರೋರು ಯಾರು? ನಿಂತಿದಾರಾ, ಸುತ್ತುತಿದಾರಾ?" ಎಂದು ಶುರುಮಾಡುತ್ತಿದ್ದರು. ಕಳ್ಳಗೈಯನ್ನು ಮಕ್ಕಳು ಬಿಡಲಿಲ್ಲ. ಲೆಕ್ಕಕ್ಕೆ ಅದು ಬೇಕಲ್ಲ. ಆದರೆ ಅದು ಇರುವುದು ಸುತ್ತುವವರ ಲೆಕ್ಕದಲ್ಲಿ, ಚೆಂಡಿನ ಮೈಮೇಲಲ್ಲ ಎಂದು ಈಗ ಗೊತ್ತಿತ್ತು.

* * *

ಎರಡನೆಯ ಪರೀಕ್ಷೆಯ ದಿನ ಬೆಟಗೇರಿಯವರು ಮೊದಲು ಮಾಡಿದ ಕೆಲಸ, ತಮ್ಮ ಬುತ್ತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು. ಬಂದರಿನ ಕೆಲಸದವರು ಅಲ್ಲಲ್ಲೇ ತೇಲುತ್ತ ನೋಡುತ್ತಿದ್ದರು. ಚನ್ನವೀರಪ್ಪ ಒಂದು ಹಗ್ಗ ಹಿಡಿದು ಮೂಲೆಯಲ್ಲಿದ್ದ. ಮಗಳ ಕಡೆಗೆ ನೆಟ್ಟಗೆ ನೋಡಲು ಅವನಿಗೆ ಧೈರ್ಯ ಸಾಲದು.

ನೀಲಗಂಗಾ ಗೋಡೆಗೆ ಕಾಲು ಸಿಕ್ಕಿಸಿಕೊಂಡಳು. ಚೀಲ ಎತ್ತಿದಳು. ಬಲಗಣ್ಣಿನ ಅಂಚಿನಲ್ಲಿ ಊರಿನ ಬಾಯಿ ಸುತ್ತುತ್ತಿತ್ತು. ಕೈ ಓರೆಯಾಯಿತು. ಅವಳಿಗೇ ಅದು ತಿಳಿಯಿತು, ಮುಂಗೈ ತಾನಾಗಿ ಒಂದಿಷ್ಟು ತಿರುಗಿತ್ತು. ಚೀಲವನ್ನು ಮತ್ತೆ ಎದೆಗೆ ಅವಚಿಕೊಂಡಳು.

"ಆ ಕಡೆ ನೋಡಬ್ಯಾಡವಾ," ಎಂದು ಹಿಂದಿನಿಂದ ಅಪ್ಪ ಪಿಸುಗುಟ್ಟಿದ.

ಅವಳು ಆ ಕಡೆಗೇ ಪೂರ್ತಿ ತಿರುಗಿ ನೋಡಿದಳು. ಬಲೆಬುಟ್ಟಿಗಳು ಒಂದಾದ ಮೇಲೊಂದು ಬಂದವು, ಹೋದವು. ಅವುಗಳ ಆಚೆ ಅವಳ ಓಣಿ, ಶಾಲೆ, ಟಾಕಿ. ಅವ್ವ ಎಲ್ಲೋ ಅಲ್ಲಿ ಸುತ್ತುತ್ತಿದ್ದಾಳೆ. ಅಕ್ಕೋರು ಸುತ್ತುತ್ತಿದ್ದಾರೆ. ಹುಟ್ಟಿದಾಗಿನಿಂದ ತಾನೂ ಅವರ ಜೊತೆ ಸುತ್ತಿದ್ದಾಳೆ. ಈಗ ಇಲ್ಲ.

"ನಾ ನಿಂತೀನಿ," ಎಂದಳು, ಯಾರಿಗೂ ಅಲ್ಲ, ತನ್ನ ಕೈಗೆ.

ಬಳೆಯ ಕಡೆಗೆ ತಿರುಗಿ ಚೀಲವನ್ನು ದೂಡಿದಳು. ಅದು ಹೋಯಿತು. ಅವಸರವಿಲ್ಲದೆ, ಎತ್ತಲೂ ವಾಲದೆ, ಹೋಗುತ್ತಲೇ ಹೋಗಿ ಬಳೆಯ ನಡುವೆ ತೂರಿತು. ಎರಡನೆಯದೂ ತೂರಿತು. ಮೂರನೆಯದು ಅಂಚಿಗೆ ಸವರಿ ಒಳಗೆ ನುಗ್ಗಿತು.

ಚನ್ನವೀರಪ್ಪ ಹಗ್ಗ ಬಿಟ್ಟುಬಿಟ್ಟು ತೇಲಿಹೋಗಿ ಯಾರದೋ ತಲೆಗೆ ತಲೆ ಬಡಿದುಕೊಂಡ.

"ಪಾಸ್," ಎಂದರು ಬೆಟಗೇರಿಯವರು. ಇನ್ನೊಂದು ಸಲ, ನಂಬಿಕೆ ಬಾರದವರ ಹಾಗೆ, "ಪಾಸ್ ಆದಿ ತಂಗಿ. ನಾಳಿಂದ ಕೆಲಸಕ್ಕ ಬಾ."

ಅವಳು ಜಾಗ ಬಿಟ್ಟು ಕದಲಲಿಲ್ಲ. ಬಲೆಬುಟ್ಟಿಗಳನ್ನೇ ನೋಡುತ್ತಿದ್ದಳು.

"ಸರ್, ಸಾಮಾನು ಆ ಬುಟ್ಟಿಗೆ ಹೆಂಗ ಹಾಕ್ತೀರಿ?"

"ಹೆಂಗಂದ್ರ? ಬಾಯಿ ಅಂಚಿಗೆ ಹಗ್ಗ ಕಟ್ಟೇವಲ್ಲ, ಅದನ್ನ ಹಿಡಕೊಂಡು ಅದರ ಜೋಡಿ ಒಂದು ಸುತ್ತು ಹೋಗಿ, ಕೈಯಿಂದ ಇಟ್ಟು ಬರ್ತೀವಿ. ಒಂದೊಂದು ಚೀಲಕ್ಕ ಒಂದೊಂದು ಸುತ್ತು. ಅರ್ಧ ದಿನ ಅದರಾಗ ಹೋಗತೈತಿ."

"ಇಲ್ಲಿಂದನ ಒಗದ್ರ?"

ಕೆಲಸದವರು ನಕ್ಕರು. ಬೆಟಗೇರಿಯವರೂ ನಕ್ಕರು. "ಎಲ್ಲಾರೂ ಒಗದು ನೋಡೇವಿ. ಓಡೂ ಬುಟ್ಟಿಗೆ ಗುರಿ ಹಿಡಿಯೂದು ನಮ್ಮ ಕೈಲೆ ಆಗಿಲ್ಲ. ಒಗಿ, ಒಗಿ. ಅದರಾಗ ಬರೇ ಅರಿವಿ ಅದಾವು."

ಮೊದಲ ಚೀಲ ಬುಟ್ಟಿಯ ಅಂಚಿಗೆ ತಾಗಿ ಗಿರಕಿ ಹೊಡೆಯುತ್ತ ವಾಪಸ್ಸು ಬಂತು. "ಅವಸರ ಮಾಡಿದೆ," ಎಂದು ಅದನ್ನು ಹಿಡಿದುಕೊಂಡಳು. ಎರಡು ಬುಟ್ಟಿಗಳನ್ನು ಹೋಗಬಿಟ್ಟಳು. ಆ ಬುಟ್ಟಿಗಳ ಓಟ ಅವಳಿಗೆ ಹೊಸದೇ? ಅದು ಅವಳ ಸ್ವಂತ ಊರಿನ ಓಟ. ಚೀಲವನ್ನು ಬಿಟ್ಟಳು. ಅದು ಹೊರಟ ಕಡೆ ಯಾವ ಬುಟ್ಟಿಯೂ ಇರಲಿಲ್ಲ, ಬರಿಯ ಖಾಲಿ ಜಾಗ. ಚೀಲ ಅಲ್ಲಿಗೆ ಮುಟ್ಟುವುದಕ್ಕೂ ಬುಟ್ಟಿ ಅಲ್ಲಿಗೆ ಬರುವುದಕ್ಕೂ ಸರಿಹೋಯಿತು. ಬಲೆ ಅದನ್ನು ಎತ್ತಿಕೊಂಡು ಊರಿನ ಕಡೆಗೆ ನಡೆಯಿತು.

ನಗು ನಿಂತಿತ್ತು. ಅವಳು ಇನ್ನೊಂದು ಎಸೆದಳು. ಅದೂ ಹೋಯಿತು. ಮತ್ತೊಂದು.

ಬೆಟಗೇರಿಯವರು ತೇಲಿಕೊಂಡು ಬಂದು ಅವಳ ಪಕ್ಕದಲ್ಲಿ ಕಾಲು ಸಿಕ್ಕಿಸಿಕೊಂಡು ನಿಂತರು. ಒಂದು ಚೀಲ ತೆಗೆದುಕೊಂಡು ಎಸೆದರು. ಬುಟ್ಟಿ ಆಗಲೇ ದಾಟಿಹೋಗಿತ್ತು.

"ನೀ ಎಲ್ಲಿ ನೋಡ್ತಿ?" ಎಂದು ಕೇಳಿದರು. ದನಿಯಲ್ಲಿ ಪರೀಕ್ಷಕ ಇರಲಿಲ್ಲ.

"ನೀವು ಬುಟ್ಟಿ ಇದ್ದಲ್ಲಿ ನೋಡಾಕತ್ತೀರಿ ಸರ್. ಬುಟ್ಟಿ ಬರೂ ಕಡೆ ನೋಡ್ರಿ. ಚೀಲದ ಕಾಳಜಿ ಬಿಟ್ಟುಬಿಡ್ರಿ, ಅದು ನೆಟ್ಟಗ ಹೋಗತೈತಿ."

"ಖರೇನ?"

"ಖರೇನ ರೀ. ನಾ ನೋಡೀನಿ."

ಬೆಟಗೇರಿಯವರು ಇನ್ನೊಂದು ಚೀಲ ಎತ್ತಿಕೊಂಡರು. ಶಾಲೆಯ ಹುಡುಗನ ಹಾಗೆ ನಾಲಿಗೆಯನ್ನು ತುಟಿಯಂಚಿಗೆ ಕಚ್ಚಿ ಹಿಡಿದು, ಅವಳು ಬೆರಳು ಮಾಡಿದ ಖಾಲಿ ಜಾಗವನ್ನೇ ನೋಡುತ್ತ ಕೈಬಿಟ್ಟರು. ಚೀಲ ಹೊರಟಿತು. ಬುಟ್ಟಿ ಇನ್ನೂ ಅಲ್ಲಿಗೆ ಬಂದಿರಲಿಲ್ಲ, ಬರುತ್ತಿತ್ತು.